ಪಂಚಾಂಗದಲ್ಲಿ ಉಳಿದ ‘ಶಕ’ರು ಯಾರು? ಸೈಬೀರಿಯಾದಿಂದ ಜುನಾಗಢದವರೆಗೆ ಸಿಥಿಯನ್ನರ ವಲಸೆಯ ಕಥೆ

ಯುಗಾದಿಯ ದಿನ ಪಂಚಾಂಗ ಓದುವಾಗ, ಮದುವೆಯ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ, ಪೂಜೆಗೆ ಕುಳಿತು ಸಂಕಲ್ಪ ಹೇಳುವಾಗ ‘ಶಾಲಿವಾಹನ ಶಕೆ’ ಎಂಬ ಮಾತು ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ಶಕ ವರ್ಷದ ತಾರೀಖೂ ಇರುತ್ತದೆ. ದಿನವೂ ಕಣ್ಣಿಗೆ ಬೀಳುವ ಈ ‘ಶಕ’ ಎಂಬ ಪದ ಎಲ್ಲಿಂದ ಬಂತು?

ಅದು ಒಂದು ಜನಸಮುದಾಯದ ಹೆಸರು. ಕುದುರೆಯ ಬೆನ್ನ ಮೇಲೆ ಬದುಕಿದ, ಮಂಗೋಲಿಯಾದ ಅಂಚಿನಿಂದ ಯುರೋಪಿನ ಡ್ಯಾನ್ಯೂಬ್ ನದಿಯವರೆಗೆ ಹರಡಿದ್ದ ಅಲೆಮಾರಿ ಜನ ಇವರು. ಗ್ರೀಕರು ಇವರನ್ನು ಸಿಥಿಯನ್ನರು ಎಂದರು, ಪರ್ಷಿಯನ್ನರು ಮತ್ತು ಭಾರತೀಯರು ಶಕರು ಎಂದರು. ಇಂದು ಭೂಪಟದಲ್ಲಿ ಇವರ ಹೆಸರಿನ ದೇಶವಿಲ್ಲ, ತಾವೇ ಶಕರು ಎಂದು ಗುರುತಿಸಿಕೊಳ್ಳುವ ಸಮುದಾಯವೂ ಇಲ್ಲ. ಹಾಗಾದರೆ ಅವರು ಎಲ್ಲಿಗೆ ಹೋದರು? ಉತ್ತರದ ಒಂದು ಪಾಲು ಮುಂಬೈ, ಪುಣೆ, ನಾಸಿಕದ ಸುತ್ತಲಿನ ಗುಹೆಗಳ ಗೋಡೆಗಳ ಮೇಲೆಯೇ ಇದೆ.

ಸಿಥಿಯನ್ನರು, ಶಕರು: ಒಂದೇ ಜನವೇ?

ಇವರಿಗೆ ನೆರೆಹೊರೆಯವರು ಕೊಟ್ಟ ಹೆಸರುಗಳು ಹಲವು. ಅಸ್ಸೀರಿಯಾದ ಮಣ್ಣಿನ ಹಲಗೆಗಳಲ್ಲಿ ‘ಅಷ್ಕುಜ’, ಗ್ರೀಕ್ ಬರಹಗಳಲ್ಲಿ ‘ಸ್ಕೂಥೈ’, ಪರ್ಷಿಯನ್ ಶಾಸನಗಳಲ್ಲಿ ‘ಸಕ’, ಚೀನಾದ ಇತಿಹಾಸ ಗ್ರಂಥಗಳಲ್ಲಿ ‘ಸಾಯ್’ ಎಂದಿದೆ. ಪರ್ಷಿಯನ್ನರು ಸಿಥಿಯನ್ನರೆಲ್ಲರನ್ನೂ ಶಕರೆಂದೇ ಕರೆಯುತ್ತಾರೆ ಎಂದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಕಪ್ಪು ಸಮುದ್ರದ ಉತ್ತರದಲ್ಲಿ, ಅಂದರೆ ಈಗಿನ ಉಕ್ರೇನ್ ಮತ್ತು ದಕ್ಷಿಣ ರಷ್ಯಾದಲ್ಲಿ ನೆಲೆಸಿದ್ದವರನ್ನು ಸಿಥಿಯನ್ನರು ಎಂದೂ, ಮಧ್ಯ ಏಷ್ಯಾದಲ್ಲಿದ್ದ ಅವರ ಬಂಧುಗಳನ್ನು ಶಕರು ಎಂದೂ ಕರೆಯುತ್ತಾರೆ. ಇಬ್ಬರೂ ಆಡುತ್ತಿದ್ದುದು ಇರಾನಿ ಭಾಷಾ ಶಾಖೆಗೆ ಸೇರಿದ ಮಾತುಗಳನ್ನು. ಒಂದೇ ಬಗೆಯ ಕುದುರೆ ಸಜ್ಜು, ಒಂದೇ ಬಗೆಯ ಆಯುಧ, ಜಿಂಕೆ, ಚಿರತೆ, ಹದ್ದುಗಳನ್ನು ಬಳುಕಿಸಿ ಕೆತ್ತುವ ಒಂದೇ ಬಗೆಯ ಕಲೆ ಇವರನ್ನು ಬೆಸೆದಿತ್ತು.

ಆದರೆ ರಕ್ತಸಂಬಂಧದಲ್ಲಿ ಇವರು ಒಂದೇ ಕುಲವಾಗಿರಲಿಲ್ಲ. ಸಮಾಧಿಗಳಲ್ಲಿ ಸಿಕ್ಕ ಎಲುಬುಗಳ ಡಿಎನ್‌ಎ ಅಧ್ಯಯನಗಳ ಪ್ರಕಾರ ಪೂರ್ವದ ಗುಂಪುಗಳಲ್ಲಿ ಪೂರ್ವ ಏಷ್ಯಾದ ಮೂಲ ಹೆಚ್ಚು, ಪಶ್ಚಿಮದ ಗುಂಪುಗಳಲ್ಲಿ ಯುರೋಪಿನ ಮೂಲ ಹೆಚ್ಚು. ಹೋದ ಕಡೆಯಲ್ಲೆಲ್ಲ ಸ್ಥಳೀಯರೊಂದಿಗೆ ಬೆರೆಯುವುದು ಇವರಲ್ಲಿ ಮೊದಲಿನಿಂದಲೂ ಇತ್ತು.

ಮೂಲ ನೆಲೆ: ಅಲ್ತಾಯ್ ಮತ್ತು ತುವಾ

ಈ ಸಂಸ್ಕೃತಿಯ ಅತ್ಯಂತ ಹಳೆಯ ದೊಡ್ಡ ಕುರುಹು ಸಿಕ್ಕಿರುವುದು ದಕ್ಷಿಣ ಸೈಬೀರಿಯಾದ ತುವಾ ಪ್ರದೇಶದ ಅರ್ಝಾನ್‌ನಲ್ಲಿ. 1970ರ ದಶಕದ ಆರಂಭದಲ್ಲಿ ಸೋವಿಯತ್ ಪುರಾತತ್ವಜ್ಞರು ಇಲ್ಲಿ ಒಂದು ಬೃಹತ್ ಸಮಾಧಿ ದಿಬ್ಬವನ್ನು ಅಗೆದರು. ಇಂಥ ದಿಬ್ಬಗಳಿಗೆ ‘ಕುರ್ಗಾನ್’ ಎಂದು ಹೆಸರು. ಕ್ರಿ.ಪೂ. 9ನೇ ಶತಮಾನದ ಕೊನೆಯ ಈ ಸಮಾಧಿಯಲ್ಲಿ ಒಡೆಯನ ಜೊತೆಗೆ ಸುಮಾರು 160 ಕುದುರೆಗಳನ್ನು ಹೂಳಲಾಗಿತ್ತು. 2000ದ ನಂತರ ಅಗೆದ ಪಕ್ಕದ ಇನ್ನೊಂದು ದಿಬ್ಬದಲ್ಲಿ ಸಾವಿರಾರು ಚಿನ್ನದ ವಸ್ತುಗಳು ಸಿಕ್ಕವು.

ಅಲ್ತಾಯ್ ಪರ್ವತದ ಪಜಿರಿಕ್ ಕಣಿವೆಯ ಸಮಾಧಿಗಳು ಇನ್ನೂ ವಿಶಿಷ್ಟ. ಒಳಗೆ ನುಗ್ಗಿದ ನೀರು ಹೆಪ್ಪುಗಟ್ಟಿ, ಬೇರೆಡೆ ಕೊಳೆತುಹೋಗುವ ಬಟ್ಟೆ, ಚರ್ಮ, ಮರ ಎಲ್ಲವೂ ಇಲ್ಲಿ 2,300 ವರ್ಷ ಉಳಿದವು. ಹಚ್ಚೆ ಹಾಕಿಸಿಕೊಂಡ ಮನುಷ್ಯರ ದೇಹಗಳೂ ಸಿಕ್ಕಿವೆ. ಜಗತ್ತಿನಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯ ಗಂಟು ನೇಯ್ಗೆಯ ರತ್ನಗಂಬಳಿ ಇಲ್ಲಿನದೇ. ಅದು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ.

ಇವರು ಊರೂರು ಅಲೆದಿದ್ದೇಕೆ? ಇವರ ಆಸ್ತಿ ಎಂದರೆ ಕುದುರೆ, ಕುರಿ, ದನ. ಹುಲ್ಲು ಇದ್ದ ಕಡೆ ಬದುಕು. ಒಂದು ಕಡೆ ಮಳೆ ಕೈಕೊಟ್ಟರೆ, ಅಥವಾ ಬಲಿಷ್ಠವಾದ ಇನ್ನೊಂದು ಗುಂಪು ಹುಲ್ಲುಗಾವಲನ್ನು ಕಿತ್ತುಕೊಂಡರೆ, ಅಲ್ಲಿದ್ದವರು ಪಕ್ಕದವರ ನೆಲಕ್ಕೆ ನುಗ್ಗಬೇಕು. ಪಕ್ಕದವರು ಅದರ ಆಚೆಯವರನ್ನು ತಳ್ಳಬೇಕು. ಸಾವಿರಾರು ಕಿಲೋಮೀಟರ್ ಉದ್ದದ ಸ್ಟೆಪ್ಪಿ ಹುಲ್ಲುಗಾವಲಿನ ಒಂದು ತುದಿಯ ಕದನ ಹೀಗೆ ಇನ್ನೊಂದು ತುದಿಯ ಸಾಮ್ರಾಜ್ಯವನ್ನು ಅಲುಗಾಡಿಸುತ್ತಿತ್ತು.

ಮೊದಲ ವಲಸೆ: ಪಶ್ಚಿಮಕ್ಕೆ

ಕ್ರಿ.ಪೂ. 8 ಮತ್ತು 7ನೇ ಶತಮಾನಗಳಲ್ಲಿ ಸಿಥಿಯನ್ನರು ಪಶ್ಚಿಮಕ್ಕೆ ಸರಿದರು. ಕಪ್ಪು ಸಮುದ್ರದ ಉತ್ತರದಲ್ಲಿದ್ದ ಸಿಮ್ಮೇರಿಯನ್ನರು ಇವರ ಒತ್ತಡಕ್ಕೆ ಜಾಗ ಬಿಟ್ಟರು ಎಂಬುದು ಹೆರೊಡೋಟಸ್ ಕೊಡುವ ವಿವರ. ಅಲ್ಲಿಂದ ಒಂದು ಗುಂಪು ಕಾಕಸಸ್ ಪರ್ವತ ದಾಟಿ ಪಶ್ಚಿಮ ಏಷ್ಯಾಕ್ಕೆ ಇಳಿಯಿತು.

ಅಸ್ಸೀರಿಯಾದ ದೊರೆ ಎಸರ್‌ಹದ್ದೋನ್ (ಕ್ರಿ.ಪೂ. 681-669) ಕಾಲದ ದಾಖಲೆಗಳಲ್ಲಿ ಸಿಥಿಯನ್ ಮುಖಂಡ ಇಷ್ಪಕಾಯನ ಸೋಲಿನ ಉಲ್ಲೇಖವಿದೆ. ಆತನ ನಂತರದ ಮುಖಂಡ ಬರ್ತತುವ ಅಸ್ಸೀರಿಯಾದ ರಾಜಕುಮಾರಿಯನ್ನು ಮದುವೆಗೆ ಕೇಳಿದ. ಹೆಣ್ಣು ಕೊಟ್ಟರೆ ಈತ ನಂಬಿಕೆಗೆ ಅರ್ಹನಾಗಿರುತ್ತಾನೆಯೇ ಎಂದು ದೊರೆ ಸೂರ್ಯದೇವನ ಮುಂದೆ ಪ್ರಶ್ನೆ ಕೇಳಿಸಿದ ಮಣ್ಣಿನ ಹಲಗೆ ಇಂದಿಗೂ ಉಳಿದಿದೆ. ಆ ಕಾಲದ ಅತಿ ದೊಡ್ಡ ಸಾಮ್ರಾಜ್ಯ ಅಲೆಮಾರಿ ನಾಯಕನೊಬ್ಬನ ವಿಷಯದಲ್ಲಿ ಎಷ್ಟು ಎಚ್ಚರದಿಂದಿತ್ತು ಎಂಬುದಕ್ಕೆ ಇದು ಸಾಕ್ಷಿ.

ಸಿಥಿಯನ್ನರು 28 ವರ್ಷ ‘ಏಷ್ಯಾ’ವನ್ನು ಆಳಿದರು, ಕೊನೆಗೆ ಮೀಡಿಯಾದ ದೊರೆ ಸಯಕ್ಸರೀಸ್ ಅವರ ಮುಖಂಡರನ್ನು ಔತಣಕ್ಕೆ ಕರೆದು, ಕುಡಿಸಿ ಕೊಲ್ಲಿಸಿದ ಎಂದು ಹೆರೊಡೋಟಸ್ ಹೇಳುತ್ತಾನೆ. ಉಳಿದವರು ಮತ್ತೆ ಉತ್ತರದ ಹುಲ್ಲುಗಾವಲಿಗೆ ಮರಳಿದರು.

ಊರೇ ಇಲ್ಲದವರ ಜೊತೆ ಯುದ್ಧ

ಪರ್ಷಿಯಾದ ಚಕ್ರವರ್ತಿ ಡೇರಿಯಸ್ ಎರಡು ದಿಕ್ಕಿನಲ್ಲೂ ಇವರನ್ನು ಎದುರಿಸಿದ. ಪೂರ್ವದಲ್ಲಿ ಚೂಪು ಟೋಪಿಯ ಶಕರನ್ನು ಸೋಲಿಸಿದ. ಇರಾನಿನ ಬೆಹಿಸ್ತುನ್ ಬಂಡೆಯ ಮೇಲೆ ಕೈಕಟ್ಟಿಸಿಕೊಂಡು ನಿಂತ ಬಂಡುಕೋರರ ಸಾಲಿನ ಕೊನೆಯಲ್ಲಿ ಶಕರ ನಾಯಕ ಸ್ಕುಂಖನ ಶಿಲ್ಪವಿದೆ. ಉದ್ದನೆಯ ಟೋಪಿಯಿಂದಲೇ ಅವನನ್ನು ಗುರುತಿಸಬಹುದು.

ಪಶ್ಚಿಮದಲ್ಲಿ ಮಾತ್ರ ಡೇರಿಯಸ್‌ನ ಆಟ ನಡೆಯಲಿಲ್ಲ. ಸುಮಾರು ಕ್ರಿ.ಪೂ. 513ರಲ್ಲಿ ದೊಡ್ಡ ಸೈನ್ಯದೊಂದಿಗೆ ಡ್ಯಾನ್ಯೂಬ್ ದಾಟಿ ಹೋದ ಆತನಿಗೆ ಸಿಥಿಯನ್ನರು ಮುಖಾಮುಖಿ ಸಿಗಲೇ ಇಲ್ಲ. ಹುಲ್ಲು ಸುಟ್ಟು, ಬಾವಿ ಮುಚ್ಚಿ ಹಿಂದೆ ಸರಿಯುತ್ತಲೇ ಹೋದರು. ನಿಂತು ಯುದ್ಧ ಮಾಡು ಎಂದು ಡೇರಿಯಸ್ ಹೇಳಿ ಕಳಿಸಿದಾಗ, ಕಾಪಾಡಿಕೊಳ್ಳಲು ನಮಗೆ ಊರಿಲ್ಲ, ಹೊಲವಿಲ್ಲ, ನಮ್ಮ ಹಿರಿಯರ ಸಮಾಧಿಗಳನ್ನು ಹುಡುಕಿ ಮುಟ್ಟಿ ನೋಡು, ಆಗ ಯುದ್ಧ ಮಾಡುತ್ತೇವೆಯೋ ಇಲ್ಲವೋ ತಿಳಿಯುತ್ತದೆ ಎಂಬ ಅರ್ಥದ ಉತ್ತರವನ್ನು ಅವರ ರಾಜ ಇದಾಂಥಿರ್ಸಸ್ ಕೊಟ್ಟ ಎಂಬುದು ಹೆರೊಡೋಟಸ್‌ನ ನಿರೂಪಣೆ. ಪರ್ಷಿಯನ್ ಸೈನ್ಯ ಬರಿಗೈಯಲ್ಲಿ ಹಿಂದಿರುಗಿತು.

ಪಶ್ಚಿಮದವರು ನೆಲೆ ನಿಂತಾಗ

ಕ್ರಿ.ಪೂ. 5 ಮತ್ತು 4ನೇ ಶತಮಾನಗಳು ಕಪ್ಪು ಸಮುದ್ರದ ಸಿಥಿಯನ್ನರ ಸಮೃದ್ಧಿಯ ಕಾಲ. ಕರಾವಳಿಯ ಗ್ರೀಕ್ ಊರುಗಳಿಗೆ ಇವರ ಸೀಮೆಯಿಂದ ಧಾನ್ಯ ಹೋಗುತ್ತಿತ್ತು, ಅಲ್ಲಿಂದ ದ್ರಾಕ್ಷಾರಸ ಮತ್ತು ಚಿನ್ನದ ಕುಸುರಿ ಕೆಲಸ ಬರುತ್ತಿತ್ತು. ಎಲ್ಲ ಸಿಥಿಯನ್ನರೂ ಅಲೆಮಾರಿಗಳಾಗಿರಲಿಲ್ಲ. ಉಳುಮೆ ಮಾಡುವ ಗುಂಪುಗಳೂ ಇದ್ದವು. ಹಲವು ಹೆಂಗಸರ ಸಮಾಧಿಗಳಲ್ಲಿ ಬಿಲ್ಲು, ಬಾಣ, ಈಟಿ ಸಿಕ್ಕಿರುವುದರಿಂದ ಹೆಣ್ಣುಮಕ್ಕಳೂ ಯುದ್ಧಕ್ಕೆ ಹೋಗುತ್ತಿದ್ದರು ಎಂದು ವಿದ್ವಾಂಸರು ಭಾವಿಸುತ್ತಾರೆ.

ಕ್ರಿ.ಪೂ. 339ರಲ್ಲಿ ಅಲೆಕ್ಸಾಂಡರನ ತಂದೆ ಮ್ಯಾಸಿಡೋನಿಯಾದ ಫಿಲಿಪ್ ವಿರುದ್ಧದ ಯುದ್ಧದಲ್ಲಿ ಮುದಿ ರಾಜ ಅತೇಯಸ್ ಸತ್ತ. ಆಮೇಲೆ ಪೂರ್ವದಿಂದ ಇವರದೇ ಭಾಷಾ ಬಂಧುಗಳಾದ ಸರ್ಮೇಷಿಯನ್ನರು ಒತ್ತರಿಸಿ ಬಂದರು. ಸಿಥಿಯನ್ನರ ನೆಲ ಕ್ರಿಮಿಯಾ ಮತ್ತು ಡ್ಯಾನ್ಯೂಬ್ ಮುಖಜ ಭೂಮಿಗೆ ಕುಗ್ಗಿತು. ಕ್ರಿಮಿಯಾದಲ್ಲಿ, ಈಗಿನ ಸಿಮ್ಫೆರೋಪೋಲ್ ನಗರದ ಬಳಿ, ಅವರು ಕಲ್ಲಿನ ಕೋಟೆ ಕಟ್ಟಿ ರಾಜಧಾನಿ ಮಾಡಿಕೊಂಡರು. ಊರೇ ಇಲ್ಲ ಎಂದಿದ್ದವರ ವಂಶದವರು ಕೋಟೆಯೊಳಗೆ ಸೇರಿದ್ದರು. ಕ್ರಿ.ಶ. 3ನೇ ಶತಮಾನದ ಗೋಥರ ದಾಳಿಯ ನಂತರ ಅಲ್ಲಿ ಅವರು ಪ್ರತ್ಯೇಕ ಜನವಾಗಿ ಕಾಣಿಸುವುದಿಲ್ಲ.

ಎರಡನೇ ವಲಸೆ: ದಕ್ಷಿಣಕ್ಕೆ, ಭಾರತಕ್ಕೆ

ಪೂರ್ವದ ಶಕರ ದಾರಿ ಬೇರೆಯಾಯಿತು. ಕ್ರಿ.ಪೂ. 2ನೇ ಶತಮಾನದಲ್ಲಿ ಚೀನಾದ ಉತ್ತರದ ಶಿಯೊಂಗ್ನು ಅಲೆಮಾರಿಗಳು ಯುಎಝಿ ಎಂಬ ಜನರನ್ನು ಸೋಲಿಸಿ ಓಡಿಸಿದರು. ಯುಎಝಿಗಳು ಇಲಿ ನದಿಯ ಕಣಿವೆಗೆ ಬಂದು ಅಲ್ಲಿದ್ದ ಶಕರನ್ನು ಹೊರದಬ್ಬಿದರು. ಶಕರು ದಕ್ಷಿಣಕ್ಕೆ ಇಳಿದರು. (ಮುಂದೆ ಕುಷಾಣ ಸಾಮ್ರಾಜ್ಯ ಕಟ್ಟಿದವರು ಇದೇ ಯುಎಝಿಗಳ ಒಂದು ಶಾಖೆ.)

ದಾರಿಯಲ್ಲಿ ಸಿಕ್ಕಿದ್ದು ಪಾರ್ಥಿಯನ್ ಸಾಮ್ರಾಜ್ಯ. ಅಲ್ಲಿನ ಎರಡನೇ ಫ್ರಾಟೀಸ್ ಮತ್ತು ಅವನ ನಂತರ ಪಟ್ಟಕ್ಕೆ ಬಂದ ಅರ್ತಬಾನಸ್ ಇಬ್ಬರೂ ಅಲೆಮಾರಿಗಳೊಂದಿಗಿನ ಹೋರಾಟದಲ್ಲೇ ಪ್ರಾಣ ಬಿಟ್ಟರು. ಶಕರು ಇರಾನ್ ಮತ್ತು ಅಫ್ಘಾನಿಸ್ತಾನದ ಗಡಿ ಸೀಮೆಯಲ್ಲಿ ನೆಲೆಸಿದರು. ಆ ಸೀಮೆಗೆ ‘ಸಕಸ್ತಾನ’ ಎಂಬ ಹೆಸರಾಯಿತು. ಅದೇ ಸವೆದು ಇಂದಿನ ‘ಸಿಸ್ತಾನ್’ ಆಗಿದೆ.

ಅಲ್ಲಿಂದ ಸಿಂಧ್‌ಗೆ, ಸಿಂಧ್‌ನಿಂದ ಪಂಜಾಬ್ ಮತ್ತು ಗುಜರಾತಿಗೆ ಅವರ ಗುಂಪುಗಳು ಹರಡಿದವು. ಕ್ರಿ.ಪೂ. 1ನೇ ಶತಮಾನದಲ್ಲಿ ತಕ್ಷಶಿಲೆಯಲ್ಲಿ ಮೋಗ ಅಥವಾ ಮಾಯೆಸ್ ಎಂಬ ಶಕ ರಾಜ ಆಳುತ್ತಿದ್ದ. ಮಥುರೆಯಲ್ಲಿ ರಾಜುವುಲ ಮತ್ತು ಅವನ ಮಗ ಶೋಡಾಸ ಕ್ಷತ್ರಪರಾಗಿದ್ದರು. ಕ್ಷತ್ರಪ ಎಂದರೆ ಪ್ರಾಂತಾಧಿಕಾರಿ, ಅದು ಪರ್ಷಿಯನ್ ಆಡಳಿತದಿಂದ ಬಂದ ಪದ. ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ ಸಮುದ್ರ ಮಾರ್ಗದರ್ಶಿಯಲ್ಲಿ ಸಿಂಧೂ ನದಿಯ ಮುಖಜ ಪ್ರದೇಶಕ್ಕೆ ‘ಸಿಥಿಯಾ’ ಎಂದೇ ಹೆಸರು.

ನಾಸಿಕದ ಗುಹೆಯಲ್ಲಿ ಶಕ ಅಳಿಯನ ಇಡುಗಂಟು

ಭಾರತದಲ್ಲಿ ಶಕರ ಆಳ್ವಿಕೆ ಹೆಚ್ಚು ಕಾಲ ಉಳಿದದ್ದು ಪಶ್ಚಿಮದಲ್ಲಿ. ಗುಜರಾತ್, ಮಾಳವ ಮತ್ತು ಕೆಲಕಾಲ ಮಹಾರಾಷ್ಟ್ರದ ಭಾಗಗಳನ್ನು ಆಳಿದ ಇವರನ್ನು ಪಶ್ಚಿಮ ಕ್ಷತ್ರಪರು ಎನ್ನುತ್ತಾರೆ. ಮೊದಲ ಮನೆತನ ಕ್ಷಹರಾತ, ಅದರ ಪ್ರಸಿದ್ಧ ಅರಸ ನಹಪಾನ.

ನಾಸಿಕದ ಪಾಂಡವ ಲೇಣಿಯ 10ನೇ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತ ಬರೆಸಿದ ಶಾಸನಗಳಿವೆ. ಉಷವದಾತ ಎಂದರೆ ಋಷಭದತ್ತ. ತಾನು ಶಕನೆಂದು ಹೇಳಿಕೊಳ್ಳುವ ಈತನ ಹೆಂಡತಿಯ ಹೆಸರು ದಕ್ಷಮಿತ್ರಾ. ಗುಹೆಯಲ್ಲಿ ವಾಸಿಸುವ ಬೌದ್ಧ ಭಿಕ್ಷುಗಳಿಗಾಗಿ ಈತ 3,000 ಕಾರ್ಷಾಪಣಗಳನ್ನು ಗೋವರ್ಧನ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ ಕಾಯಂ ಇಡುಗಂಟಾಗಿ ಇಟ್ಟ. 2,000ಕ್ಕೆ ತಿಂಗಳಿಗೆ ಶೇಕಡಾ 1, ಉಳಿದ 1,000ಕ್ಕೆ ಶೇಕಡಾ ಮುಕ್ಕಾಲು ಬಡ್ಡಿ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಭಿಕ್ಷುಗಳ ಬಟ್ಟೆ ಮತ್ತು ಇತರ ಖರ್ಚು ನಡೆಯಬೇಕು. ಅದೇ ವ್ಯಕ್ತಿ ಬ್ರಾಹ್ಮಣರಿಗೆ ಗೋದಾನ, ಗ್ರಾಮದಾನ ಮಾಡಿದ್ದನ್ನೂ, ನದಿ ದಾಟಲು ಜನರಿಗೆ ಉಚಿತ ದೋಣಿ ಇರಿಸಿದ್ದನ್ನೂ ಶಾಸನ ಹೇಳುತ್ತದೆ. ಪುಣೆ ಬಳಿಯ ಕಾರ್ಲೆ ಗುಹೆಯಲ್ಲೂ ಅವನ ದಾನಶಾಸನವಿದೆ. ಜುನ್ನರದ ಗುಹೆಯೊಂದರಲ್ಲಿ ನಹಪಾನನ ಅಮಾತ್ಯನ ಶಾಸನವಿದೆ.

ಕೆಲವೇ ತಲೆಮಾರುಗಳ ಹಿಂದೆ ಕುದುರೆ ಹತ್ತಿ ಬಂದವರ ಮನೆಯವರು ಇಲ್ಲಿ ಪ್ರಾಕೃತದಲ್ಲಿ ಶಾಸನ ಬರೆಸಿ, ನೇಕಾರರಲ್ಲಿ ಹಣ ತೊಡಗಿಸಿ, ಮಠಕ್ಕೂ ಅಗ್ರಹಾರಕ್ಕೂ ದಾನ ಕೊಡುತ್ತಿದ್ದರು.

ನಹಪಾನನ ಆಳ್ವಿಕೆಯನ್ನು ಕೊನೆಗಾಣಿಸಿದವನು ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ. 1906ರಲ್ಲಿ ನಾಸಿಕ ಬಳಿಯ ಜೋಗಲ್‌ಥೆಂಬಿಯಲ್ಲಿ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ತನ್ನ ಮುದ್ರೆ ಒತ್ತಿಸಿದ್ದ. ಸೋತವನ ಹಣವನ್ನೇ ಗೆದ್ದವನು ಚಲಾವಣೆಗೆ ಬಿಟ್ಟಿದ್ದ.

ಜುನಾಗಢದ ಬಂಡೆ ಮತ್ತು ಬದಲಾದ ಹೆಸರುಗಳು

ಎರಡನೇ ಶಕ ಮನೆತನ ಕಾರ್ದಮಕರದು. ಉಜ್ಜಯಿನಿಯಿಂದ ಆಳಿದ ಚಷ್ಟನ ಇದರ ಮೊದಲ ದೊಡ್ಡ ಅರಸ. ಅವನ ಮೊಮ್ಮಗ ರುದ್ರದಾಮ ಕ್ರಿ.ಶ. 150ರ ಸುಮಾರಿಗೆ ಗುಜರಾತಿನ ಜುನಾಗಢದಲ್ಲಿ, ಅಶೋಕನ ಶಾಸನವಿರುವ ಬಂಡೆಯ ಮೇಲೆಯೇ, ಇನ್ನೊಂದು ಶಾಸನ ಕೆತ್ತಿಸಿದ. ಉತ್ತಮ ಸಂಸ್ಕೃತ ಗದ್ಯದಲ್ಲಿರುವ ಮೊದಲ ದೀರ್ಘ ರಾಜಶಾಸನ ಇದು.

ಅದರ ವಿಷಯ ಒಂದು ಕೆರೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ್ದ ಸುದರ್ಶನ ಕೆರೆಯ ಏರಿ ಬಿರುಗಾಳಿ ಮಳೆಗೆ ಒಡೆದು 420 ಮೊಳ ಉದ್ದದ ಬಿರುಕು ಬಿಟ್ಟಿತ್ತು. ಬಿರುಕು ತೀರಾ ದೊಡ್ಡದೆಂದು ಮಂತ್ರಿಗಳು ಹಿಂಜರಿದರು, ಜನ ಆಸೆ ಬಿಟ್ಟು ಗೋಳಾಡಿದರು. ಪ್ರಜೆಗಳ ಮೇಲೆ ಹೊಸ ತೆರಿಗೆ ಹಾಕದೆ, ಬಿಟ್ಟಿ ದುಡಿಸದೆ, ತನ್ನ ಬೊಕ್ಕಸದ ಹಣದಿಂದ ಮೊದಲಿಗಿಂತ ಗಟ್ಟಿಯಾದ ಏರಿ ಕಟ್ಟಿಸಿದೆ ಎಂದು ರುದ್ರದಾಮ ಹೇಳಿಕೊಂಡಿದ್ದಾನೆ. ಕೆಲಸದ ಹೊಣೆ ಹೊತ್ತ ಅಮಾತ್ಯ ಸುವಿಶಾಖನೂ ಇರಾನಿ ಮೂಲದ ಪಹ್ಲವ. ದಕ್ಷಿಣಾಪಥದ ಒಡೆಯ ಶಾತಕರ್ಣಿಯನ್ನು ಎರಡು ಬಾರಿ ಸೋಲಿಸಿಯೂ ಹತ್ತಿರದ ಸಂಬಂಧಿ ಎಂಬ ಕಾರಣಕ್ಕೆ ನಾಶ ಮಾಡಲಿಲ್ಲ ಎಂಬ ಮಾತೂ ಅಲ್ಲಿದೆ. ಮುಂಬೈನ ಕನ್ಹೇರಿ ಗುಹೆಗಳ ಶಾಸನವೊಂದು ಶಾತವಾಹನ ರಾಣಿಯೊಬ್ಬಳು ಕಾರ್ದಮಕ ಕುಲದ ಮಹಾಕ್ಷತ್ರಪನ ಮಗಳು ಎನ್ನುತ್ತದೆ. ಹೀಗೆ ಕಾದಾಡುತ್ತಿದ್ದ ಎರಡು ಮನೆತನಗಳು ಬೀಗರೂ ಆಗಿದ್ದವು.

ಈ ವಂಶದ ಹೆಸರುಗಳ ಪಟ್ಟಿಯೇ ಒಂದು ಕಥೆ ಹೇಳುತ್ತದೆ. ಚಷ್ಟನನ ತಂದೆ ಘ್ಸಮೋತಿಕ. ಚಷ್ಟನನ ಮಗ ಜಯದಾಮ. ಮೊಮ್ಮಗ ರುದ್ರದಾಮ. ಮುಂದೆ ರುದ್ರಸಿಂಹ, ವಿಶ್ವಸೇನ. ನಾಲ್ಕು ತಲೆಮಾರಿನೊಳಗೆ ನಾಲಿಗೆಗೆ ಸಿಗದ ಹೆಸರು ಹೋಗಿ ಯಾವ ಊರಿನಲ್ಲಾದರೂ ಇಡಬಹುದಾದ ಹೆಸರು ಬಂತು. ಸುಮಾರು ಕ್ರಿ.ಶ. 400ರಲ್ಲಿ ಗುಪ್ತರ ಎರಡನೇ ಚಂದ್ರಗುಪ್ತ ಈ ರಾಜ್ಯವನ್ನು ಗೆದ್ದಾಗ ಓಡಿಹೋಗಲು ಬೇರೆ ನಾಡು ಅವರಿಗಿರಲಿಲ್ಲ. ಅವರು ಇಲ್ಲಿಯವರೇ ಆಗಿದ್ದರು.

ಬಾದಾಮಿಗೆ ಬಂದ ಶಕ ವರ್ಷ

ಕ್ರಿ.ಶ. 78ರಿಂದ ಎಣಿಸುವ ಶಕ ವರ್ಷವನ್ನು ಈ ಕ್ಷತ್ರಪರು ತಮ್ಮ ಶಾಸನಗಳಲ್ಲೂ ನಾಣ್ಯಗಳಲ್ಲೂ ಬಿಡದೆ ಬಳಸಿದರು. ಅದು ಕುಷಾಣ ಕನಿಷ್ಕನಿಂದ ಶುರುವಾಯಿತು ಎಂಬ ಅಭಿಪ್ರಾಯ ಬಹುಕಾಲ ಇತ್ತು. ಚಷ್ಟನನ ಆಳ್ವಿಕೆಗೆ ಅದನ್ನು ಜೋಡಿಸುವ ವಾದಕ್ಕೆ ಕಛ್‌ನ ಅಂಧೌ ಶಾಸನಗಳು ಬಲ ಕೊಟ್ಟಿವೆ.

ಕರ್ನಾಟಕದಲ್ಲಿ ಬಾದಾಮಿಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನದ ಕಾಲ ಶಕ ವರ್ಷ 465, ಅಂದರೆ ಕ್ರಿ.ಶ. 543. ಬಾದಾಮಿಯ 3ನೇ ಗುಹೆಯ ಮಂಗಳೇಶನ ಶಾಸನ ಶಕರಾಜನ ಪಟ್ಟಾಭಿಷೇಕವಾಗಿ 500 ವರ್ಷ ಕಳೆದಿದೆ ಎಂದು ಲೆಕ್ಕ ಹೇಳುತ್ತದೆ, ಅದು ಕ್ರಿ.ಶ. 578. ರವಿಕೀರ್ತಿಯ ಐಹೊಳೆ ಶಾಸನ ಶಕ 556ರದು. ಚಾಲುಕ್ಯರಿಗೆ ಈ ಲೆಕ್ಕ ಯಾರಿಂದ ಬಂದದ್ದು ಎಂಬ ನೆನಪಿತ್ತು. ನಂತರದ ಶತಮಾನಗಳಲ್ಲಿ ಶಾತವಾಹನರ ನೆನಪಿನ ‘ಶಾಲಿವಾಹನ’ ಎಂಬ ಹೆಸರು ಅದರ ಮುಂದೆ ಸೇರಿತು. ನಾಸಿಕದ ನಾಣ್ಯಗಳ ಮೇಲೆ ಆದದ್ದೇ ಇಲ್ಲೂ ಆಯಿತು: ಶಕರ ಲೆಕ್ಕದ ಮೇಲೆ ಅವರ ಎದುರಾಳಿಗಳ ಮುದ್ರೆ ಬಿತ್ತು. 1957ರ ಮಾರ್ಚ್ 22ರಿಂದ ಶಕ ವರ್ಷ ಭಾರತದ ರಾಷ್ಟ್ರೀಯ ಕ್ಯಾಲೆಂಡರ್‌ನ ಆಧಾರವಾಗಿದೆ.

ಹಾಗಾದರೆ ಇವರ ವಂಶಜರು ಯಾರು?

ಇದಕ್ಕೆ ಭಾಷೆಯ ಕಡೆಯಿಂದ ಗಟ್ಟಿ ಉತ್ತರವಿದೆ. ಕಾಕಸಸ್‌ನ ಒಸ್ಸೇಟಿಯನ್ನರು ಆಡುವ ಭಾಷೆ ಸರ್ಮೇಷಿಯನ್ ಗುಂಪಿಗೆ ಸೇರಿದ ಅಲನರಿಂದ ಬಂದದ್ದು, ಅಂದರೆ ಸಿಥಿಯನ್ನರ ಮಾತಿಗೆ ಹತ್ತಿರದ ನೆಂಟ. ಪಶ್ಚಿಮ ಚೀನಾದ ಖೋತಾನ್‌ನಲ್ಲಿ ನೆಲೆಸಿದ ಶಕರು ಬೌದ್ಧರಾಗಿ, ಬ್ರಾಹ್ಮಿಯಿಂದ ಬಂದ ಲಿಪಿಯಲ್ಲಿ ತಮ್ಮ ಭಾಷೆಯಲ್ಲೇ ಗ್ರಂಥ ಬರೆದರು. 11ನೇ ಶತಮಾನದ ಆರಂಭದಲ್ಲಿ ತುರ್ಕರು ಖೋತಾನ್ ಗೆದ್ದ ಮೇಲೆ ಆ ಭಾಷೆ ಮರೆಯಾಯಿತು.

ರಕ್ತದ ಕಡೆಯಿಂದ ಕೊಟ್ಟ ಉತ್ತರಗಳು ಹೆಚ್ಚಾಗಿ ಕೈಕೊಟ್ಟಿವೆ. 19ನೇ ಶತಮಾನದಲ್ಲಿ ಕರ್ನಲ್ ಜೇಮ್ಸ್ ಟಾಡ್ ರಜಪೂತರಿಗೆ ಸಿಥಿಯನ್ ಮೂಲ ಹೇಳಿದ. 1901ರ ಜನಗಣತಿಯ ಅಧಿಕಾರಿ ಹರ್ಬರ್ಟ್ ರಿಸ್ಲೆ ತಲೆ, ಮೂಗುಗಳ ಅಳತೆ ಹಿಡಿದು ‘ಸಿಥೋ-ದ್ರಾವಿಡ’ ಎಂಬ ವರ್ಗ ಮಾಡಿ, ಮಹಾರಾಷ್ಟ್ರದ ಕುಣಬಿಗಳ ಜೊತೆಗೆ ನಮ್ಮ ಕೊಡವರನ್ನೂ ಅದರಲ್ಲಿ ಸೇರಿಸಿದ. ಶಕರು ಕೊಡಗಿಗೆ ಬಂದದ್ದಕ್ಕೆ ಶಾಸನವಿಲ್ಲ, ನಾಣ್ಯವಿಲ್ಲ. ಆ ವರ್ಗೀಕರಣವನ್ನು ವಿಜ್ಞಾನ ಬಿಟ್ಟು ಬಹುಕಾಲವಾಗಿದೆ, ಆದರೂ ಇಂಥ ಮಾತುಗಳು ಇಂದಿಗೂ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿವೆ.

ಹಕ್ಕಿನ ಜಗಳ ಬೇರೆಡೆಯೂ ಇದೆ. 2014ರಲ್ಲಿ ಕ್ರಿಮಿಯಾದ ಮ್ಯೂಸಿಯಂಗಳು ಸಿಥಿಯನ್ ಚಿನ್ನ ಸೇರಿದಂತೆ ನೂರಾರು ವಸ್ತುಗಳನ್ನು ಆಮ್‌ಸ್ಟರ್‌ಡಾಮ್‌ನ ಪ್ರದರ್ಶನಕ್ಕೆ ಎರವಲು ಕೊಟ್ಟಿದ್ದವು. ಪ್ರದರ್ಶನ ನಡೆಯುತ್ತಿರುವಾಗಲೇ ಕ್ರಿಮಿಯಾ ರಷ್ಯಾದ ವಶವಾಯಿತು. ವಸ್ತುಗಳು ಯಾರಿಗೆ ಎಂಬ ದಾವೆ ಸುಮಾರು 9 ವರ್ಷ ನಡೆದು, 2023ರಲ್ಲಿ ಡಚ್ ಸುಪ್ರೀಂ ಕೋರ್ಟ್ ಉಕ್ರೇನ್ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಅವು ಕೀವ್ ತಲುಪಿದವು.

ಯಾವುದೇ ಒಂದು ಜಾತಿ ಅಥವಾ ದೇಶ ಶಕರನ್ನು ತನ್ನವರೆಂದು ಪೂರ್ತಿ ಹಿಡಿದುಕೊಳ್ಳಲು ಆಗದಿರುವುದಕ್ಕೆ ಕಾರಣ ಇಷ್ಟೇ: ಅವರು ಸೇರಿದ ಕಡೆಯಲ್ಲೆಲ್ಲ ಅಲ್ಲಿನ ಭಾಷೆ, ದೇವರು, ಹೆಸರು, ನಂಟಸ್ತನ ಪಡೆದು ಅಲ್ಲಿಯವರಾದರು. ಊರು ಬಿಟ್ಟು ಬಂದು ಬೇರೆ ನಾಡಿನಲ್ಲಿ ಮೂರ್ನಾಲ್ಕು ತಲೆಮಾರು ಕಳೆದವರಿಗೆ ಘ್ಸಮೋತಿಕನಿಂದ ರುದ್ರದಾಮನವರೆಗಿನ ದಾರಿ ಬಿಡಿಸಿ ಹೇಳಬೇಕಿಲ್ಲ.

ಒಂದು ನೋಟದಲ್ಲಿ

- ಕ್ರಿ.ಪೂ. 9ನೇ ಶತಮಾನ: ತುವಾದ ಅರ್ಝಾನ್ ಸಮಾಧಿ
- ಕ್ರಿ.ಪೂ. 7ನೇ ಶತಮಾನ: ಅಸ್ಸೀರಿಯಾದ ದಾಖಲೆಗಳಲ್ಲಿ ಸಿಥಿಯನ್ನರು
- ಸುಮಾರು ಕ್ರಿ.ಪೂ. 513: ಡೇರಿಯಸ್‌ನ ವಿಫಲ ದಂಡಯಾತ್ರೆ
- ಕ್ರಿ.ಪೂ. 2ನೇ ಶತಮಾನ: ಶಕರು ದಕ್ಷಿಣಕ್ಕೆ, ಸಿಸ್ತಾನದಲ್ಲಿ ನೆಲೆ
- ಕ್ರಿ.ಪೂ. 1ನೇ ಶತಮಾನ: ತಕ್ಷಶಿಲೆಯಲ್ಲಿ ಶಕ ಆಳ್ವಿಕೆ
- ಕ್ರಿ.ಶ. 78: ಶಕ ವರ್ಷದ ಆರಂಭ
- ಸುಮಾರು ಕ್ರಿ.ಶ. 150: ರುದ್ರದಾಮನ ಜುನಾಗಢ ಶಾಸನ
- ಸುಮಾರು ಕ್ರಿ.ಶ. 400: ಪಶ್ಚಿಮ ಕ್ಷತ್ರಪರ ಅಂತ್ಯ
- ಕ್ರಿ.ಶ. 543: ಬಾದಾಮಿಯ ಪುಲಕೇಶಿ ಶಾಸನದಲ್ಲಿ ಶಕ ವರ್ಷ 465
- 1957: ರಾಷ್ಟ್ರೀಯ ಕ್ಯಾಲೆಂಡರ್ ಆಗಿ ಶಕ ವರ್ಷ